ಎಳೆಯ ಹೋರಿಯ ಆಯ್ಕೆ: ಲಕ್ಷಣ, ತಳಿಮಾನ ಮತ್ತು ಕಾವಲಿನ ನುಡಿ (ಕುದಾಪುರವನ್ನು ಅನುಲಕ್ಷಿಸಿ)

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಪಶುಪಾಲಕ ಸಂಸ್ಕೃತಿ ಕನ್ನಡ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಜುಂಜಪ್ಪನ ಕಥನ, ಹಟ್ಟಿಗಳ ಕಟ್ಟುಕಟ್ಟಳೆಗಳು ಹಲವು ವಿದ್ವಾಂಸರ ಗಮನವನ್ನು ಸೆಳೆದಿವೆ. ಆದರೆ ಇಂಥ ಬರಹಗಳಲ್ಲಿ ಪ್ರಾಣಿಯು ಬಹುಮಟ್ಟಿಗೆ ಸಂಕೇತವಾಗಿ, ಕುಲಚಿಹ್ನೆಯಾಗಿ, ಆಚರಣೆಯ ಅಂಗವಾಗಿ ಬರುತ್ತದೆ. ಒಂದು ಎಳೆಯ ಗಂಡುಪ್ರಾಣಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅದನ್ನು ಬೀಜಕ್ಕೆ ಉಳಿಸಿಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವ ಕ್ರಿಯೆಯನ್ನು, ಆ ನಿರ್ಧಾರ ಬಳಸುವ ಭಾಷೆಯನ್ನು ಪ್ರತ್ಯೇಕವಾಗಿ ನೋಡಿದ್ದು ಕಡಿಮೆ. ಮೌಲ್ಯಮಾಪನವೆಂಬುದು ಕಾವ್ಯಮೀಮಾಂಸೆಗೆ ಮಾತ್ರ ಸೇರಿದ ವಿಷಯವೆಂದು ಭಾವಿಸುವ ರೂಢಿ ಇದಕ್ಕೆ ಕಾರಣವಿರಬಹುದು. ದನಗಾಹಿಯ ಮೌಲ್ಯಮಾಪನಕ್ಕೂ ತನ್ನದೇ ಆದ ಪರಿಭಾಷೆಯಿದೆ, ತರ್ಕವಿದೆ, ಮಿತಿಗಳೂ ಇವೆ. ಆ ಪರಿಭಾಷೆಯನ್ನು ಶಾಸ್ತ್ರಗ್ರಂಥಗಳ ಲಕ್ಷಣ ಪರಂಪರೆಯ ಜೊತೆಗೂ ಆಧುನಿಕ ತಳಿಮಾನದ ಜೊತೆಗೂ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹುಂಜವಿಲ್ಲದ ಹಟ್ಟಿ

ತಳಿಮಾನದ ಚರ್ಚೆ ಲೋಕದಲ್ಲಿ ಎಲ್ಲಿಯೇ ನಡೆದರೂ ಹುಂಜ ಅಲ್ಲಿ ಮುಂಚೂಣಿಯಲ್ಲಿರುತ್ತದೆ. ಬರಹದಲ್ಲಿ ಅತ್ಯಂತ ಸೂಕ್ಷ್ಮವಾಗಿ ತಳಿಮಾನಕ್ಕೆ ಒಳಪಟ್ಟ ಸಾಕುಪ್ರಾಣಿಗಳಲ್ಲಿ ಕೋಳಿಯೂ ಒಂದು. ಆದರೆ ಕುದಾಪುರದ ಸೀಮೆಯಲ್ಲಿ ಹುಂಜದಿಂದ ಚರ್ಚೆಯನ್ನು ಆರಂಭಿಸಲು ಒಂದು ವಿಚಿತ್ರ ತೊಡಕಿದೆ. ಈ ಭಾಗದ ಮ್ಯಾಸಬೇಡರ ಸಂಪ್ರದಾಯದಲ್ಲಿ ಕೋಳಿ ನಿಷಿದ್ಧ, ಅದನ್ನು ತಿನ್ನುವುದಿಲ್ಲ. ಊರಬೇಡರಿಗೂ ಮ್ಯಾಸಬೇಡರಿಗೂ ಇರುವ ಭೇದವನ್ನು ಗುರುತಿಸುವಾಗ ವಸಾಹತು ಕಾಲದ ಜನಾಂಗ ವಿವರಣೆಗಳೂ ಈ ನಿಷೇಧವನ್ನು ಉಲ್ಲೇಖಿಸುತ್ತವೆ. ಹೀಗಾಗಿ ಗಂಡುಪ್ರಾಣಿಯ ಆಯ್ಕೆಯ ಪ್ರಶ್ನೆ ಇಲ್ಲಿ ಹುಂಜದ ಮೇಲೆ ನಿಲ್ಲದೆ ಹೋರಿಯ ಮೇಲೆ ನಿಲ್ಲುತ್ತದೆ.

ಕರ್ನಾಟಕದ ಇತರ ಕಡೆಗಳಲ್ಲಿ ಹುಂಜವನ್ನು ಪರೀಕ್ಷಿಸುವ ನುಡಿ ಇಲ್ಲವೆಂದಲ್ಲ. ತುಳುನಾಡಿನ ಕೋಳಿಅಂಕದ ಪರಂಪರೆಯಲ್ಲಿ ಹುಂಜದ ಬಣ್ಣಗಳಿಗೆ ಪ್ರತ್ಯೇಕ ಹೆಸರುಗಳಿವೆ. ಬಣ್ಣ, ತಿಥಿ, ನಕ್ಷತ್ರಗಳನ್ನು ಕೂಡಿಸಿ ಸೋಲುಗೆಲುವನ್ನು ಲೆಕ್ಕಹಾಕುವ ಕುಕ್ಕುಟಶಾಸ್ತ್ರ ಅಲ್ಲಿಯೂ ಕರಾವಳಿ ಆಂಧ್ರದಲ್ಲಿಯೂ ಪರಿಚಿತ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಗಳಲ್ಲಿ ಕುಕ್ಕುಟವಿನೋದವೂ ಒಂದು. ಜನ್ನನ ‘ಯಶೋಧರಚರಿತೆ’ಯಲ್ಲಿ ಬಲಿಗೆಂದು ಮಾಡಿದ ಹಿಟ್ಟಿನ ಹುಂಜ ಕೂಗುವ ಪ್ರಸಂಗವನ್ನು ಕನ್ನಡ ಓದುಗರಿಗೆ ನೆನಪಿಸಬೇಕಾಗಿಲ್ಲ. ಆದರೆ ಇವೆಲ್ಲವುಗಳಲ್ಲಿ ಹುಂಜವು ಕಾದುವ, ಶಕುನ ಹೇಳುವ ಅಥವಾ ಬಲಿಯಾಗುವ ಪ್ರಾಣಿ. ಅದು ಮುಂದಿನ ಸಂತತಿಗೆ ತಂದೆಯಾಗಬಲ್ಲುದೇ ಎಂಬ ಪ್ರಶ್ನೆ ಈ ಪರಂಪರೆಗಳ ಮುನ್ನೆಲೆಗೆ ಬರುವುದಿಲ್ಲ. ಶಬ್ದಸಂಪತ್ತಿನಲ್ಲಿಯೂ ಇದರ ಗುರುತಿದೆ. ಇನ್ನೇನು ಮೊಟ್ಟೆಯಿಡುವ ಎಳೆಯ ಹೆಣ್ಣುಕೋಳಿಗೆ ಕನ್ನಡದಲ್ಲಿ ‘ಹ್ಯಾಟೆ’ ಎಂಬ ಒಂಟಿ ಶಬ್ದವಿದ್ದರೆ, ಅದೇ ವಯಸ್ಸಿನ ಗಂಡಿಗೆ ‘ಮರಿಹುಂಜ’ ಎಂಬಂಥ ಸಮಾಸವೇ ಗತಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ರೂಪಿಸಿದ ಗಿರಿರಾಜ ಕೋಳಿಯು ಹಳ್ಳಿಗಳಿಗೆ ಬಂದ ಮೇಲೆ ಪಿತೃಕೋಳಿಗಳ ಆಯ್ಕೆ ಸಂಸ್ಥೆಯ ಅಂಗಳಕ್ಕೆ ಹೋಯಿತು. ಸಾಕುವವರು ಮರಿಗಳನ್ನು ಕೊಳ್ಳುವವರಾದರು.

ದನಕ್ಕೆ ಸಂಬಂಧಿಸಿದ ಶಬ್ದಗಳ ಸ್ಥಿತಿ ಬೇರೆ. ಆ ಶಬ್ದಗಳಿಗೆ ಬರುವ ಮುನ್ನ ಬರಹದ ಎರಡು ಪರಂಪರೆಗಳನ್ನು ನೋಡುವುದು ಅಗತ್ಯ.

ಲಕ್ಷಣ ಯಾರ ಫಲ?

ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಗೋಲಕ್ಷಣ, ಶ್ವಲಕ್ಷಣ, ಕುಕ್ಕುಟಲಕ್ಷಣಗಳು ಒಂದರ ಹಿಂದೊಂದು ಬರುವ ಅಧ್ಯಾಯಗಳು. ನೆಟ್ಟಗಿರುವ ಗರಿ ಮತ್ತು ಬೆರಳು, ತಾಮ್ರವರ್ಣದ ಮುಖ, ಉಗುರು ಹಾಗೂ ಜುಟ್ಟು, ಬಿಳಿಯ ಮೈ, ಇರುಳು ಕಳೆಯುವ ಹೊತ್ತಿನಲ್ಲಿ ಇಂಪಾದ ಕೂಗು ಉಳ್ಳ ಹುಂಜವು ಶುಭಕರವೆಂದು ಅಲ್ಲಿ ಹೇಳಲಾಗಿದೆ. ಇಲ್ಲಿ ಗಮನಿಸಬೇಕಾದುದು ಶುಭ ಯಾರಿಗೆ ಎಂಬುದನ್ನು. ಅದು ಹುಂಜದ ಸಂತತಿಗಲ್ಲ, ಅದನ್ನು ಉಳ್ಳ ಅರಸನಿಗೆ. ಗೋಲಕ್ಷಣದಲ್ಲಿ ಇಲಿಯ ಕಣ್ಣಿನಂಥ ಕಣ್ಣುಳ್ಳ ಹಸು ಶುಭವಲ್ಲವೆಂದು ಹೇಳುವಾಗಲೂ ಫಲಭಾಗಿ ಒಡೆಯನೇ. ಲಕ್ಷಣವೆಂದರೆ ಪ್ರಾಣಿಯ ಮೈಮೇಲೆ ಬರೆದ ಒಡೆಯನ ಜಾತಕ.

ಈ ಮಾತಿಗೆ ಒಂದು ಅಪವಾದ ಅದೇ ಅಧ್ಯಾಯದಲ್ಲಿದೆ. ಕೆಲವು ದೋಷಗಳುಳ್ಳ ವೃಷಭವು ಹಿಂಡಿಗೇ ಕೇಡು ತರುವುದರಿಂದ, ಮನೆಯಲ್ಲೇ ಹುಟ್ಟಿದ್ದಾದರೂ ಅದನ್ನು ಬಿಡಬೇಕೆಂದು ವರಾಹಮಿಹಿರ ಹೇಳುತ್ತಾನೆ. ಮನೆಯಲ್ಲಿ ಹುಟ್ಟಿದ್ದೆಂಬ ಮಮತೆ ಆಯ್ಕೆಗೆ ಅಡ್ಡಬರಬಾರದೆಂಬ ಈ ಎಚ್ಚರಿಕೆ ಶಾಸ್ತ್ರದ ನುಡಿಗಿಂತ ದನಗಾಹಿಯ ಅನುಭವದ ನುಡಿಯಂತೆ ಕೇಳಿಸುತ್ತದೆ. ಶಾಸ್ತ್ರಕಾರನು ಅದನ್ನು ಎಲ್ಲಿಂದ ಪಡೆದನೋ, ಹಿಂಡಿನ ಹಿತವೆಂಬ ಕಲ್ಪನೆ ಶಕುನಗಳ ನಡುವೆ ಒಂದು ಗಳಿಗೆ ಇಣುಕಿ ಮರೆಯಾಗುತ್ತದೆ.

ಕನ್ನಡದಲ್ಲಿ ಈ ಕ್ಷೇತ್ರದ ಹಳೆಯ ಕೃತಿ ಚಾಳುಕ್ಯ ಮನೆತನದ ಕೀರ್ತಿವರ್ಮನ ‘ಗೋವೈದ್ಯ’ (ಸು. 1125). ಇದು ಹೆಸರೇ ಹೇಳುವಂತೆ ಚಿಕಿತ್ಸೆಯ ಗ್ರಂಥ. ಔಷಧದ ಜೊತೆ ಮಂತ್ರಗಳೂ ಇದರಲ್ಲಿವೆ. ರೋಗ ಬಂದ ಮೇಲಿನ ದನ ಇದರ ವಸ್ತುವೇ ಹೊರತು ಆಯ್ಕೆಗೆ ನಿಂತ ಕರುವಲ್ಲ.

ಲಕ್ಷಣ ಪರಂಪರೆಯ ಜೀವಂತ ಉಳಿಕೆಯೆಂದರೆ ಸುಳಿ. ದನದ ಜಾತ್ರೆಗಳಲ್ಲಿ ಇಂದಿಗೂ ‘ಸುಳಿಶುದ್ಧ’ ಎಂಬ ವಿಶೇಷಣ ಬೆಲೆಯನ್ನು ಏರಿಸುತ್ತದೆ. ಹಣೆ, ಬೆನ್ನು, ಕತ್ತಿನ ಮೇಲೆ ಕೂದಲು ಸುತ್ತಿಕೊಂಡ ಬಗೆಯನ್ನು ನೋಡಿ ಕೊಳ್ಳುವವನ ಮನೆಗೆ ಒಳಿತೋ ಕೆಡುಕೋ ಎಂದು ಹೇಳುತ್ತಾರೆ. ಸುಳಿಗೆ ಒಂದು ಅನುಕೂಲವಿದೆ: ಅದು ಕರು ಹುಟ್ಟಿದಾಗಲೇ ಕಾಣುತ್ತದೆ, ಜೀವನಪರ್ಯಂತ ಬದಲಾಗುವುದಿಲ್ಲ. ಎಳೆಯ ಪ್ರಾಣಿಯ ಬಗ್ಗೆ ಕೂಡಲೇ ತೀರ್ಪು ಬೇಕೆನ್ನುವವರಿಗೆ ಇದಕ್ಕಿಂತ ಸುಲಭವಾದ ಗುರುತು ಮತ್ತೊಂದಿಲ್ಲ. ಆದರೆ ಕಾಲು, ಗೊರಸು, ದಮ್ಮುಗಳಲ್ಲಿ ಲೋಪವಿಲ್ಲದ ಕರು ಸುಳಿಯೊಂದರ ಕಾರಣಕ್ಕೆ ತಿರಸ್ಕೃತವಾಗುವುದೂ ಉಂಟು. ದೇಸಿ ಜ್ಞಾನವನ್ನು ಇಡಿಯಾಗಿ ಕೊಂಡಾಡುವ ಬರಹಗಳು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬರೆದಿಟ್ಟ ತಳಿಮಾನ

ತಳಿಮಾನವೆಂಬ ಆಧುನಿಕ ಕಲ್ಪನೆ ಒಡೆಯನ ಅದೃಷ್ಟವನ್ನು ಬಿಟ್ಟು ಪ್ರಾಣಿಯ ಆಕಾರದ ಕಡೆಗೆ ತಿರುಗುತ್ತದೆ. ಪ್ರದರ್ಶನದ ಕೋಳಿಗಳಿಗೆ ಇಂಗ್ಲೆಂಡಿನಲ್ಲಿ 1865ರಲ್ಲಿಯೂ ಅಮೆರಿಕದಲ್ಲಿ 1874ರಲ್ಲಿಯೂ ಮುದ್ರಿತ ಮಾನಗ್ರಂಥಗಳು ಬಂದವು. ಜುಟ್ಟಿನ ಹಲ್ಲುಗಳು, ಕಾಲಿನ ಬಣ್ಣ, ಗರಿಯ ಪಟ್ಟೆ ಇವುಗಳ ವಿವರಣೆ, ಒಂದೊಂದಕ್ಕೂ ಅಂಕ, ಯಾವ ದೋಷವಿದ್ದರೆ ಹಕ್ಕಿ ಅನರ್ಹ ಎಂಬ ಪಟ್ಟಿ ಇವುಗಳಲ್ಲಿ ರೂಪುಗೊಂಡವು. ಕಾವ್ಯಲಕ್ಷಣದ ಗುಣ, ದೋಷ ವಿಚಾರವನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಈ ರಚನೆ ಅಪರಿಚಿತವೆನಿಸದು. ಇರುವ ಉತ್ತಮ ಪ್ರಯೋಗಗಳನ್ನು ನೋಡಿ ಲಕ್ಷಣವನ್ನು ಕಟ್ಟುವುದು, ಕಟ್ಟಿದ ಲಕ್ಷಣದಿಂದ ಮುಂದಿನ ಪ್ರಯೋಗಗಳನ್ನು ಅಳೆಯುವುದು ಎರಡು ಕಡೆಗೂ ಸಾಮಾನ್ಯ.

ಈ ಗ್ರಂಥಗಳಲ್ಲಿ ಎರಡು ಸಂಗತಿಗಳು ಪ್ರಸ್ತುತ ಚರ್ಚೆಗೆ ಮುಖ್ಯ. ಮೊದಲನೆಯದು, ಅವು ವಯಸ್ಸನ್ನು ಒಪ್ಪಿಕೊಳ್ಳುತ್ತವೆ. ಅಮೆರಿಕದ ಮಾನಗ್ರಂಥವು ಪ್ಲಿಮತ್ ರಾಕ್ ತಳಿಯ ಬಲಿತ ಹುಂಜಕ್ಕೆ ಒಂಬತ್ತೂವರೆ ಪೌಂಡ್, ವರ್ಷ ತುಂಬದ ಮರಿಹುಂಜಕ್ಕೆ ಎಂಟು ಪೌಂಡ್ ಎಂದು ಬೇರೆ ಬೇರೆ ತೂಕವನ್ನು ಹೇಳುತ್ತದೆ. ಎಳೆಯದನ್ನು ಎಳೆಯದಾಗಿಯೇ ಅಳೆಯಲು ಅಲ್ಲಿ ಅವಕಾಶವಿದೆ.

ಎರಡನೆಯದು ಇನ್ನೂ ಸ್ವಾರಸ್ಯವಾದುದು. ಪಟ್ಟೆಗರಿಯ ಪ್ಲಿಮತ್ ರಾಕ್‌ನಲ್ಲಿ ಹುಂಜವೂ ಹೇಂಟೆಯೂ ಒಂದೇ ಛಾಯೆಯಲ್ಲಿರಬೇಕೆಂದು ಪ್ರದರ್ಶನದ ಕಟ್ಟಳೆ ಬಯಸಿತು. ಪಟ್ಟೆಯ ಗುಣವು ಲಿಂಗಕ್ಕೆ ಅಂಟಿದ ಆನುವಂಶಿಕ ಗುಣ. ಹುಂಜಕ್ಕೆ ಅದು ಎರಡು ಪಾಲು, ಹೇಂಟೆಗೆ ಒಂದೇ ಪಾಲು. ಹಾಗಾಗಿ ಸಹಜವಾಗಿ ಹುಂಜ ತಿಳಿಯಾಗಿಯೂ ಹೇಂಟೆ ಗಾಢವಾಗಿಯೂ ಇರುತ್ತವೆ. ಒಂದೇ ಜೋಡಿಯಿಂದ ಎರಡನ್ನೂ ಪಡೆಯಲಾಗದೆ ಸಾಕುವವರು ಎರಡು ಬಳಿಗಳನ್ನು ಇಟ್ಟುಕೊಂಡರು: ಪ್ರದರ್ಶನದ ಹುಂಜವನ್ನು ಹುಟ್ಟಿಸುವುದಕ್ಕೊಂದು, ಪ್ರದರ್ಶನದ ಹೇಂಟೆಯನ್ನು ಹುಟ್ಟಿಸುವುದಕ್ಕೊಂದು. ಎರಡನೆಯ ಬಳಿಯ ಹುಂಜವು ಕಣದಲ್ಲಿ ಬಹುಮಾನ ಪಡೆಯುವ ಬಣ್ಣದ್ದಲ್ಲ. ಆದರೆ ಅದಿಲ್ಲದೆ ಬಹುಮಾನದ ಹೇಂಟೆಯಿಲ್ಲ. ಮಾನಕ್ಕೆ ತಾನು ಹೊಂದುವುದು ಬೇರೆ, ಮಾನಕ್ಕೆ ಹೊಂದುವ ಸಂತತಿಯನ್ನು ಕೊಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಬರೆದಿಟ್ಟ ಮಾನವು ಮೊದಲನೆಯದನ್ನು ಹೇಳಬಲ್ಲುದು. ಎರಡನೆಯದು ಸಾಕುವವನ ನೆನಪಿನಲ್ಲಿರುತ್ತದೆ.

ಇಲಾಖೆಯ ಹೆಸರೇ ತಳಿಯ ಹೆಸರು

ಕುದಾಪುರದ ಹುಲ್ಲುಗಾವಲು ದಾಖಲೆಗಳಲ್ಲಿ ಅಮೃತ್ ಮಹಲ್ ಕಾವಲು. ಅಮೃತ್ ಮಹಲ್ ಎಂಬುದು ಮೂಲತಃ ತಳಿಯ ಹೆಸರಲ್ಲ, ಇಲಾಖೆಯ ಹೆಸರು. ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದ ದನಗಳ ಸಂಸ್ಥೆಗೆ ಟಿಪ್ಪು ಸುಲ್ತಾನನು ಈ ಹೊಸ ಹೆಸರನ್ನಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು. ಬೆಣ್ಣೆಯ ಹೆಸರಿದ್ದರೂ ಕೀರ್ತಿ ಬಂದದ್ದು ಎಳೆತದಿಂದ. ಹೈದರನು ಚಿದಂಬರದ ಕಡೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಲು ಈ ಎತ್ತುಗಳೇ ಕಾರಣವೆಂಬ ಮಾತು 19ನೆಯ ಶತಮಾನದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ಬರಹಗಳು ಈ ಹಿಂಡಿನಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಗಳನ್ನು ಗುರುತಿಸುತ್ತವೆ. ಅಂದರೆ ಬೇರೆ ಬೇರೆ ಸೀಮೆಯ ದನಗಳು ಒಂದು ಆಡಳಿತದ ಅಡಿಯಲ್ಲಿ, ಒಂದೇ ಬಗೆಯ ಮೇವು, ನಡಿಗೆ, ಆಯ್ಕೆಗಳಿಗೆ ಒಳಗಾಗಿ ಒಂದು ರೂಪಕ್ಕೆ ಬಂದವು.

ಈ ರೂಪ ಬರಹಕ್ಕೆ ಇಳಿದದ್ದು ಬಹಳ ತಡವಾಗಿ. ಆರ್ಥರ್ ಓಲ್ವರ್ 1938ರಲ್ಲಿ ಭಾರತದ ಗೋತಳಿಗಳನ್ನು ವರ್ಗೀಕರಿಸಿದಾಗ, 1953ರಲ್ಲಿ ಜೋಷಿ ಮತ್ತು ಫಿಲಿಪ್ಸ್ ಅವರ ಗ್ರಂಥವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸಿದಾಗ ಅಮೃತ್ ಮಹಲ್‌ಗೆ ಕ್ರಮಬದ್ಧ ವರ್ಣನೆ ದೊರೆಯಿತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ನೋಂದಣಿಯಲ್ಲಿ ಈಗ ಗೋತಳಿಗಳ ಪೈಕಿ ಮೊದಲ ಸಂಖ್ಯೆ ಇದರದ್ದೇ. ಗುಣದಿಂದಲ್ಲ, ಇಂಗ್ಲಿಷ್ ವರ್ಣಮಾಲೆಯ ಅನುಕ್ರಮದಿಂದ.

ವರ್ಣನೆಯ ಮುಖ್ಯಾಂಶಗಳು ಹೀಗಿವೆ. ಉದ್ದವಾಗಿ ಮೂತಿಯ ಕಡೆಗೆ ಕಿರಿದಾಗುವ ತಲೆ. ಉಬ್ಬಿದ ಕಿರಿದಾದ ಹಣೆ, ಅದರ ನಡುವೆ ಗೀರು. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೂ ಮೇಲಕ್ಕೂ ಬಾಗಿ ಮತ್ತೆ ಒಳಕ್ಕೆ ತಿರುಗುವ, ಚೂಪಾದ ಕರಿತುದಿಯ ಕೊಂಬುಗಳು. ಒಳಗೆ ಹಳದಿಯಿರುವ ಸಣ್ಣ ಚೂಪು ಕಿವಿ. ತೆಳುವಾದ, ಹೆಚ್ಚು ಜೋಲದ ಗಂಗೆದೊಗಲು. ಮೈಗೆ ಅಂಟಿದ ಹೊಕ್ಕುಳ ತೊಗಲು. ಗಂಡಿನಲ್ಲಿ ಚೆನ್ನಾಗಿ ಬೆಳೆದ ಹಿಣಿಲು. ಗಟ್ಟಿಯಾದ ಸಣ್ಣ ಗೊರಸು. ಬೂದುಬಣ್ಣದಿಂದ ಕರಿಯವರೆಗಿನ ಮೈಬಣ್ಣ.

ಈ ವರ್ಣನೆಯನ್ನು ಕೈಯಲ್ಲಿ ಹಿಡಿದು ಆರು ತಿಂಗಳ ಹೋರಿಗರುವಿನ ಮುಂದೆ ನಿಂತರೆ ಏನಾಗುತ್ತದೆ? ತಳಿಯ ಅತ್ಯಂತ ಪ್ರಸಿದ್ಧ ಗುರುತಾದ ಕೊಂಬು ಆಗ ಬರಿಯ ಮೊಳಕೆ. ಅದರ ಬಾಗು ಯಾವ ಕಡೆಗೆಂದು ಹೇಳಲಾಗದು. ಹಿಣಿಲು ಪ್ರಾಯಕ್ಕೆ ಬಂದ ಮೇಲೆ ತುಂಬಿಕೊಳ್ಳುವಂಥದು. ಬಣ್ಣವಂತೂ ನಂಬುವಂಥದಲ್ಲ. ಇದೇ ಮೈಸೂರು ಗುಂಪಿನ ಕಂಗಾಯಂ ತಳಿಯಲ್ಲಿ ಕರು ಕೆಂಪಾಗಿ ಹುಟ್ಟಿ ಕೆಲವು ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೀಜ ಒಡೆಸದ ಹೋರಿಯ ಕತ್ತು, ಹಿಣಿಲು, ತೊಡೆಗಳು ವಯಸ್ಸಿನೊಂದಿಗೆ ಕಪ್ಪೇರುತ್ತವೆ, ಎತ್ತಾದರೆ ಆ ಕಪ್ಪು ತಿಳಿಯಾಗುತ್ತದೆ. ಬರೆದಿಟ್ಟ ಮಾನವು ಬಲಿತ ಪ್ರಾಣಿಯ ಚಿತ್ರ. ಕೋಳಿಯ ಮಾನಗ್ರಂಥ ಮಾಡುವಂತೆ ಅದು ಎಳೆಯದಕ್ಕೆ ಬೇರೆ ಸಾಲನ್ನು ಇಡುವುದಿಲ್ಲ. ಆದರೆ ಆಯ್ಕೆ ನಡೆಯಬೇಕಾದದ್ದು ಎಳೆಯದರಲ್ಲಿ. ‘ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು’ ಎಂಬ ಗಾದೆ ನೋಡಬೇಕೆಂದು ಹೇಳುತ್ತದೆ, ಎಲ್ಲಿ ನೋಡಬೇಕೆಂದು ಹೇಳುವುದಿಲ್ಲ.

ಕಾಲದ ಲೆಕ್ಕವೂ ಕೋಳಿಗಿಂತ ಕಠಿಣ. ಹುಂಜದ ಆಯ್ಕೆ ತಪ್ಪಾದರೆ ವರ್ಷದೊಳಗೆ ಮರಿಗಳಲ್ಲಿ ತಿಳಿಯುತ್ತದೆ. ಹೋರಿಯ ಮಕ್ಕಳು ನೊಗಕ್ಕೆ ಬರುವ ಹೊತ್ತಿಗೆ ಏಳೆಂಟು ವರ್ಷಗಳು ಕಳೆದು, ಆ ಹೋರಿಯು ಅಷ್ಟರಲ್ಲಿ ಹತ್ತಾರು ಹಸುಗಳ ಕರುಗಳಲ್ಲಿ ಹರಡಿಹೋಗಿರುತ್ತದೆ.

ದನಗಾಹಿಯ ನುಡಿ

ಬರಹವು ಬಿಟ್ಟ ಈ ತೆರಪನ್ನು ತುಂಬಿದ್ದು ಮಾತಿನ ಪರಂಪರೆ. ಇಲ್ಲಿ ಮೊದಲು ಗಮನಿಸಬೇಕಾದದ್ದು ಹಂತಗಳ ಹೆಸರು. ಹೆಣ್ಣಿಗೆ ಕಡಸು, ಮಣಕ, ಪಡ್ಡೆ ಮುಂತಾದ ಶಬ್ದಗಳಿದ್ದು ಪ್ರದೇಶದಿಂದ ಪ್ರದೇಶಕ್ಕೆ ಅರ್ಥದಲ್ಲಿ ಸ್ವಲ್ಪ ಸರಿದಾಡುತ್ತವೆ. ಗಂಡಿಗೆ ಹೋರಿಗರು, ಹೋರಿ, ಗೂಳಿ, ಎತ್ತು, ಬಸವ. ಇವುಗಳಲ್ಲಿ ಮೊದಲ ಎರಡು ವಯಸ್ಸನ್ನು ಸೂಚಿಸುತ್ತವೆ. ಉಳಿದ ಮೂರು ವಯಸ್ಸನ್ನಲ್ಲ, ತೀರ್ಪನ್ನು. ಒಂದೇ ಹೋರಿಯು ಬೀಜಕ್ಕೆ ಉಳಿದರೆ ಗೂಳಿ, ಬೀಜ ಒಡೆಸಿಕೊಂಡು ನೊಗಕ್ಕೆ ಬಂದರೆ ಎತ್ತು, ದೇವರಿಗೆ ಬಿಟ್ಟರೆ ಬಸವ. ‘ಹೋರಿ’ ಎಂಬುದು ತೀರ್ಪು ಇನ್ನೂ ಆಗದ ಸ್ಥಿತಿಯ ಹೆಸರು. ಹಾವೇರಿಯ ಕಡೆ ಹೋರಿ ಬೆದರಿಸುವ ಸ್ಪರ್ಧೆಯಿಂದಾಗಿ ಈ ಶಬ್ದಕ್ಕೆ ಬೇರೊಂದು ಮೆರುಗು ಬಂದಿದೆ. ಅದು ಇಲ್ಲಿಗೆ ಅಪ್ರಸ್ತುತ.

ವಯಸ್ಸನ್ನು ವರ್ಷಗಳಲ್ಲಿ ಹೇಳುವುದಿಲ್ಲ, ಹಲ್ಲಿನಲ್ಲಿ ಹೇಳುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು. ಮೊದಲ ಜೋಡಿ ಕಾಯಂ ಹಲ್ಲು ಎರಡು, ಎರಡೂವರೆ ವರ್ಷದ ಸುಮಾರಿಗೆ ಬರುತ್ತದೆ. ಹೀಗಾಗಿ ಹಾಲುಹಲ್ಲಿನ ಅವಧಿಯೆಲ್ಲ ನೋಡುವುದಕ್ಕೆ ಮೀಸಲಾದ ಅವಧಿ. ಆಯ್ಕೆಯು ಒಂದೇ ದಿನದ ತೀರ್ಪಾಗದೆ ಹಂತಹಂತವಾಗಿ ಕಳೆಯುತ್ತ ಬರುವ ಕ್ರಿಯೆಯಾಗುವುದು ಈ ಲೆಕ್ಕದಿಂದ ಸಾಧ್ಯ.

‘ಬೀಜ’ ಎಂಬ ಶಬ್ದದ ಬಳಕೆಯೂ ಪರಿಶೀಲನೆಗೆ ಅರ್ಹವಾಗಿದೆ. ಬಿತ್ತನೆಗೆ ತೆನೆಯನ್ನು ಎತ್ತಿಡುವಾಗಲೂ, ಹೋರಿಯನ್ನು ಉಳಿಸಿಕೊಳ್ಳುವಾಗಲೂ ‘ಬೀಜಕ್ಕೆ’ ಎಂಬ ಒಂದೇ ಚತುರ್ಥಿಯ ರೂಪ ಬಳಕೆಯಾಗುತ್ತದೆ. ತೆನೆಯ ವಿಷಯದಲ್ಲಿ ಉಳಿದದ್ದನ್ನು ಉಣ್ಣಬಹುದು. ಹೋರಿಯ ವಿಷಯದಲ್ಲಿ ಉಳಿದದ್ದನ್ನು ದುಡಿಸಿಕೊಳ್ಳಬಹುದು. ಎರಡರಲ್ಲಿಯೂ ಒಳ್ಳೆಯದನ್ನು ಇಂದಿನ ಬಳಕೆಗೆ ಕೊಡದೆ ಎತ್ತಿಡಬೇಕಾದ ಒಂದು ತ್ಯಾಗವಿದೆ. ಅತ್ಯುತ್ತಮವಾದ ಹೋರಿ ಅತ್ಯುತ್ತಮವಾದ ಎತ್ತೂ ಆಗಬಲ್ಲುದು, ಸಂತೆಯಲ್ಲಿ ಹೆಚ್ಚು ಬೆಲೆಯನ್ನೂ ತರಬಲ್ಲುದು. ಬಡತನ ಮತ್ತು ಬರಗಳು ಬೀಜವನ್ನು ತಿನ್ನಿಸುವಂತೆ ಹೋರಿಯನ್ನು ಮಾರಿಸುತ್ತವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಈ ಒತ್ತಡ ಅಪರೂಪದ್ದಲ್ಲ. ಬೀಜ ಒಡೆಸಿದ ಮೇಲೆ ತೀರ್ಪನ್ನು ಹಿಂತೆಗೆದುಕೊಳ್ಳುವ ದಾರಿಯೂ ಇಲ್ಲ.

ಇನ್ನು ಎಳೆಯದರಲ್ಲಿ ನೋಡುವುದಾದರೂ ಏನನ್ನು? ತಳಿವರ್ಣನೆಯಲ್ಲಿ ಕೊನೆಗೆ ಬರುವ, ಓದುವವರು ದಾಟಿಹೋಗುವ ಅಂಶಗಳು ಇಲ್ಲಿ ಮೊದಲಿಗೆ ಬರುತ್ತವೆ. ಗೊರಸು ಕೂಡಿಕೊಂಡಿದೆಯೇ, ಬಿರಿದಿದೆಯೇ. ಕಾಲು ನೆಟ್ಟಗೋ ಸೊಟ್ಟಗೋ. ಹಿಂದಿನ ಮಂಡಿಗಳು ಒಂದಕ್ಕೊಂದು ಸವರುತ್ತವೆಯೇ. ಹೊಕ್ಕುಳ ತೊಗಲು ಮೈಗೆ ಅಂಟಿದೆಯೇ, ಜೋಲುತ್ತದೆಯೇ. ತೊಗಲು ಬಿಗಿಯೋ ಸಡಿಲವೋ. ಇವೆಲ್ಲ ಕರುವಿನಲ್ಲೇ ಕಾಣುವ, ಬೆಳೆದಂತೆ ಬಹಳ ಬದಲಾಗದ ಗುಣಗಳು. ಮುಳ್ಳು, ಕಲ್ಲು, ಕುರುಚಲುಗಳ ನೆಲದಲ್ಲಿ ಜೋಲುವ ತೊಗಲು ಗಾಯಕ್ಕೆ ದಾರಿ. ಇಲ್ಲಿ ಅಂದದ ಮಾತಿಲ್ಲ, ನೆಲದ ಮಾತಿದೆ.

ಕರುವಿನ ಮೈಯ ಹೊರಗೆ ಇರುವ ಇನ್ನೊಂದು ಪ್ರಮಾಣ ತಾಯಿ. ಎಳೆಯದರಲ್ಲಿ ಕಾಣದ ಕೊಂಬು ತಾಯಿಯ ತಲೆಯ ಮೇಲಿದೆ. ಕಾಣದ ಸ್ವಭಾವ ತಾಯಿಯ ನಡತೆಯಲ್ಲಿದೆ. ಬೀರೂರಿನಲ್ಲಿ ನಡೆಯುತ್ತ ಬಂದಿರುವ ಅಮೃತ್ ಮಹಲ್ ಹೋರಿಗರುಗಳ ವಾರ್ಷಿಕ ಹರಾಜಿನಲ್ಲಿ ಕರುವನ್ನು ತಾಯಿಯ ಬಳಿಯ ಹೆಸರಿನಿಂದ ಕರೆಯುವ ವಾಡಿಕೆ ಉಳಿದಿರುವುದು ಗಮನಾರ್ಹ. ಗಂಡನ್ನು ಆರಿಸಲು ಹೆಣ್ಣಿನ ವಂಶಾವಳಿಯನ್ನು ನೋಡುವ ಈ ಕ್ರಮ, ಪಟ್ಟೆಗರಿಯ ಕೋಳಿಯಲ್ಲಿ ಎರಡು ಬಳಿಗಳನ್ನಿಟ್ಟುಕೊಂಡವರ ತಿಳಿವಿಗೆ ಹತ್ತಿರದ್ದು.

ಬಣ್ಣದ ವಿಷಯದಲ್ಲಿ ಮಾತಿನ ಪರಂಪರೆ ಉದಾರವಾಗಿದೆ. ಜುಂಜಪ್ಪನ ಕಥನದಲ್ಲಿ ಬರುವ ಹೋರಿಯ ಹೆಸರು ಬಡಮೈಲ. ಮೈಲ ಎಂಬುದು ಬೂದುಬಣ್ಣದ ದನಕ್ಕೆ ಕನ್ನಡ, ತೆಲುಗುಗಳೆರಡರಲ್ಲಿಯೂ ಇರುವ ಶಬ್ದ. ‘ಬಡ’ ಎಂಬುದನ್ನು ಕೃಶವೆಂಬ ಅರ್ಥದಲ್ಲಿ ತೆಗೆದುಕೊಂಡರೆ, ಗೊಲ್ಲರ ವೀರನ ಹೋರಿಗೆ ದೊರೆತದ್ದು ಕೊಬ್ಬಿದ ಮೈಯ ಹೊಗಳಿಕೆಯಲ್ಲ. ಮೈದುಂಬಿದ ಕರುವಿಗಿಂತ ಒಣಗಿದ ಕಾವಲಿನಲ್ಲಿ ತಾಳಿಕೊಂಡ ತೆಳುವಾದ ಕರುವನ್ನು ಮೇಲೆಂದು ಕಾಣುವ ದೃಷ್ಟಿಗೆ ಈ ಹೆಸರು ಒಪ್ಪುತ್ತದೆ. ಪ್ರದರ್ಶನದ ಕಣದಲ್ಲಿ ಬಡಮೈಲನಿಗೆ ಬಹುಮಾನ ಸಿಗುವುದು ಸಂದೇಹ.

ಕಾವಲು

ಗೊರಸನ್ನೂ ತೊಗಲನ್ನೂ ನಿಂತಲ್ಲೇ ನೋಡಬಹುದು. ನಡಿಗೆಯನ್ನು ನೋಡಲು ಜಾಗ ಬೇಕು. ಅಮೃತ್ ಮಹಲ್ ವ್ಯವಸ್ಥೆಯಲ್ಲಿ ಹಿಂಡುಗಳನ್ನು ಕೊಟ್ಟಿಗೆಯಲ್ಲಿ ಕಟ್ಟುತ್ತಿರಲಿಲ್ಲ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಹಿಂಡು ಋತುವಿನೊಂದಿಗೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಈ ವಲಸೆಯಲ್ಲಿ ತಾಯಿಯ ಹಿಂದೆ ನಡೆಯಲಾರದ, ನೀರಿನ ನಡುವಣ ಅಂತರವನ್ನು ತಾಳಲಾರದ ಕರು ಯಾರ ತೀರ್ಪೂ ಇಲ್ಲದೆ ಹಿಂದೆ ಬೀಳುತ್ತಿತ್ತು. ದನಗಾಹಿಯ ಆಯ್ಕೆ ಈ ಮೊದಲ ಜರಡಿಯಲ್ಲಿ ಉಳಿದ ಕರುಗಳ ನಡುವಿನದು. ಬರೆದಿಟ್ಟ ತಳಿಮಾನವು ತಾಳಿಕೆಯನ್ನು ಒಂದು ಗುಣವೆಂದು ಹೇಳಿ ಮುಂದೆ ಹೋಗುತ್ತದೆ. ಅದನ್ನು ಅಳೆಯುವ ಸಾಧನ ಕಾಗದದ ಮೇಲಿರಲಿಲ್ಲ, ಕಾವಲಿನಲ್ಲಿತ್ತು.

ಇದಕ್ಕೆ ಇತಿಹಾಸದಲ್ಲಿಯೇ ಒಂದು ಸಾಕ್ಷ್ಯವಿದೆ. 1799ರ ನಂತರ ಸಂಸ್ಥೆ ಹಲವು ಕೈಗಳನ್ನು ದಾಟಿತು. 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಮಿತವ್ಯಯದ ನೆಪದಲ್ಲಿ ಹಿಂಡುಗಳನ್ನು ಮಾರಿ ಸಂಸ್ಥೆಯನ್ನು ಮುಚ್ಚಲಾಯಿತು. ಸೇನೆಗೆ ಎತ್ತುಗಳ ಅಭಾವ ತಲೆದೋರಿ 1866ರಲ್ಲಿ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಚದುರಿಹೋದ ಹಿಂಡನ್ನು ಮತ್ತೆ ಕೂಡಿಸುವಾಗ ಇದು ಆ ಬಗೆಯದು, ಇದು ಅಲ್ಲ ಎಂದು ಹೇಳಲು ಆಧಾರವೇನಿತ್ತು? ಓಲ್ವರನ ವರ್ಗೀಕರಣಕ್ಕೆ ಇನ್ನೂ ಏಳು ದಶಕಗಳಿದ್ದವು. ಹಿಂಡಿನ ಜೊತೆ ಬದುಕಿದ್ದವರ ಕಣ್ಣು, ಅವರ ಮಾತು, ಮಾರಾಟವಾಗದೆ ಉಳಿದಿದ್ದ ಕಾವಲುಗಳು ಇವೇ ಆಧಾರವೆಂದು ಊಹಿಸುವುದು ಅಸಂಗತವಾಗದು. ಲಕ್ಷ್ಯ ಚದುರಿದ್ದಾಗ, ಲಕ್ಷಣ ಬರಹದಲ್ಲಿ ಇಲ್ಲದಿದ್ದಾಗ, ತಳಿಯು ಆರು ವರ್ಷ ನೆನಪಿನಲ್ಲಿ ಬದುಕಿತ್ತು ಎನ್ನಬಹುದು.

ಕುದಾಪುರದಲ್ಲಿ ಇಂದು ಪರಿಸ್ಥಿತಿ ತಲೆಕೆಳಗಾಗಿದೆ. ಲಕ್ಷಣ ಬರಹದಲ್ಲಿದೆ, ನೋಂದಣಿಯ ಸಂಖ್ಯೆಯಿದೆ, ಸಂತತಿಯನ್ನು ಕಾಯಲು ಅಜ್ಜಂಪುರದಲ್ಲಿ ಕೇಂದ್ರವಿದೆ, ಕಾವಲು ಕುಗ್ಗಿದೆ. 2010ರ ಆಸುಪಾಸಿನಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ಭೂಮಿಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ನೀಡಲಾಯಿತು. ಇದರಲ್ಲಿ ಕುದಾಪುರದ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿತು. ಹುಲ್ಲುಗಾವಲನ್ನು ಅವಲಂಬಿಸಿದ ಹಳ್ಳಿಗಳ ಕುರಿ, ದನಗಳ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಗಿ 2014ರಲ್ಲಿ ಆದೇಶವೂ ಬಂತು. ವಿಜ್ಞಾನದ ಅಗತ್ಯ ಮತ್ತು ಮೇವಿನ ಅಗತ್ಯಗಳ ನಡುವಣ ಆ ವಾದವನ್ನು ಇಲ್ಲಿ ಬಗೆಹರಿಸಬೇಕಾಗಿಲ್ಲ. ಭಾಷೆಯ ದೃಷ್ಟಿಯಿಂದ ನೋಡಿದರೆ, ಕಾವಲು ಎಂಬ ಶಬ್ದಕ್ಕೆ ಮೇಯಲು ಕಾದಿರಿಸಿದ ನೆಲವೆಂಬ ಅರ್ಥವಿತ್ತು. ಗೋಡೆ ಎದ್ದ ಮೇಲೆ ಅದೇ ನೆಲದಲ್ಲಿ ಆ ಶಬ್ದ ಬಾಗಿಲು ಕಾಯುವ ಕೆಲಸದ ಅರ್ಥಕ್ಕೆ ಹೆಚ್ಚು ಒದಗುತ್ತಿದೆ. ನಡಿಗೆ, ದಮ್ಮು, ತಾಳಿಕೆಗಳನ್ನು ಹೇಳುವ ಶಬ್ದಗಳು ನಿಘಂಟಿನಲ್ಲಿ ಉಳಿಯಬಹುದು. ಕಟ್ಟಿಹಾಕಿದ ಕರುವಿನ ಮೇಲೆ ಅವುಗಳನ್ನು ಪ್ರಯೋಗಿಸಲಾಗದು.

ತಳಿಯಿಲ್ಲದ ಹಿಂಡು

ಇದುವರೆಗಿನ ಚರ್ಚೆಗೆ ಹೊಂದದ ಒಂದು ಹಿಂಡು ಇದೇ ಸೀಮೆಯಲ್ಲಿದೆ. ಮ್ಯಾಸಬೇಡರ ದೇವರ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ರೊಪ್ಪದಲ್ಲಿ ಅವುಗಳನ್ನು ಕಾಯುವ ಹೊಣೆ ಕಿಲಾರಿಯದು. ಸತ್ತರೆ ಗೌರವದಿಂದ ಮಣ್ಣುಮಾಡುತ್ತಾರೆ. ಇಲ್ಲಿ ಬೆಲೆಯಿಲ್ಲ, ದುಡಿಮೆಯಿಲ್ಲ. ಆದ್ದರಿಂದ ಈವರೆಗೆ ಹೇಳಿದ ಅರ್ಥದಲ್ಲಿ ಹೋರಿ ಮತ್ತು ಎತ್ತುಗಳನ್ನು ಬೇರ್ಪಡಿಸುವ ತೀರ್ಪಿಗೂ ಕಾರಣವಿಲ್ಲ. ‘ದೇವರ ಎತ್ತು’ ಎನ್ನುವಾಗ ‘ಎತ್ತು’ ಎಂಬುದು ಮೇಲೆ ಹೇಳಿದ ತೀರ್ಪಿನ ಅರ್ಥವನ್ನು ಕಳೆದುಕೊಂಡು ಇಡೀ ಹಿಂಡಿಗೆ ಅನ್ವಯಿಸುವ ಹೆಸರಾಗುತ್ತದೆ. ಹಸುಕರುಗಳೂ ಅದರಲ್ಲಿ ಸೇರುತ್ತವೆ. ಆಯ್ಕೆಯನ್ನು ಕೈಬಿಟ್ಟ ಹಿಂಡಿನಲ್ಲಿ ಆಯ್ಕೆಯ ಪರಿಭಾಷೆಯೇ ಹೀಗೆ ಸಡಿಲಗೊಂಡಿರುವುದು ಕುತೂಹಲಕರ. ಆದರೆ ಬಯಲಿನ ಜರಡಿ ಇಲ್ಲಿಯೂ ಕೆಲಸ ಮಾಡುತ್ತದೆ. ಬರಗಾಲದಲ್ಲಿ ಮೇವಿಲ್ಲದೆ ಈ ಹಿಂಡುಗಳು ಕರಗುವುದನ್ನು, ಮೇವಿಗಾಗಿ ಸಾರ್ವಜನಿಕರ ನೆರವನ್ನು ಕೋರುವುದನ್ನು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಲಾಗಿದೆ.

ನೋಂದಾಯಿತ ತಳಿಯ ಮಾನಕ್ಕೆ ಹೊಂದದ ದನಗಳಿಗೆ ಜಾನುವಾರು ಗಣತಿಯ ಇಂಗ್ಲಿಷ್ ನಮೂನೆಯಲ್ಲಿ ಒಂದು ಕಾಲಂ ಇದೆ. 2019ರ 20ನೆಯ ಗಣತಿಯಲ್ಲಿಯೂ ಅದಿತ್ತು. ‘ನಾನ್ ಡಿಸ್ಕ್ರಿಪ್ಟ್’ ಎಂಬ ಅದರ ತಲೆಬರಹಕ್ಕೆ ಇಂಥದೆಂದು ವರ್ಣಿಸಲು ಬಾರದ್ದು ಎಂಬ ಅರ್ಥ ಬರುತ್ತದೆ. ಕನ್ನಡದ ಆಡುಮಾತು ಅದನ್ನು ‘ನಾಟಿ’ ಎನ್ನುತ್ತದೆ; ಕೋಳಿಗೂ ಅದೇ ಶಬ್ದ.